ಜೋಳದ ಹೊಲದಲ್ಲಿ ಇಂಗ್ಲಿಷ್ ಹಾಡು

ಇವತ್ತು ಬೆಳಿಗ್ಗೆ ಬೆಲ್ಲದ ಡಬ್ಬ ಹುಡುಕಲು ಅಟ್ಟ ಹತ್ತಿದ ನನ್ನ ಹೆಂಡತಿ ರತ್ನ, ಬೆಲ್ಲದ ಬದಲು ಒಂದು ಹಳೆಯ ಸ್ಪೀಕರ್ ಪೆಟ್ಟಿಗೆಯನ್ನು ಇಳಿಸಿಕೊಂಡು ಬಂದಳು. ಮುಂದಿನ ಜಾಲರಿ ಹರಿದಿತ್ತು. ಒಳಗಿನ ಹತ್ತಿಯನ್ನು ಇಲಿಗಳು ತಮ್ಮ ಬಾಣಂತನಕ್ಕೆ ಬಳಸಿಕೊಂಡಿದ್ದವು. “ಬೀದೀಲಿ ಗುಜರಿಯವ್ನು ಕೂಗ್ತಾವ್ನೆ, ಕೊಟ್ಬುಡನಾ?” ಎಂದಳು.

“ಕೊಟ್ಟರೆ ಅದರ ಜೊತೆ ನನ್ನನ್ನೂ ಕೊಟ್ಟುಬಿಡು” ಎಂದೆ. ಅವಳು ಪೆಟ್ಟಿಗೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಯಾವುದಕ್ಕೆ ಹೆಚ್ಚು ಬೆಲೆ ಬಂದೀತು ಎಂದು ಲೆಕ್ಕ ಹಾಕಿದಂತಿತ್ತು. ಆಮೇಲೆ ಏನೋ ನೆನಪಾಗಿ ನಕ್ಕು, ಅದನ್ನು ಒರೆಸಿ ಕಿಟಕಿಯ ಪಕ್ಕ ಇಟ್ಟಳು.

ನೀವು ಇಂಗ್ಲಿಷ್ ಹಾಡು ಕೇಳುತ್ತೀರಾ? ಕೇಳದಿದ್ದರೆ ಕೇಳಿ. ಗೆಟ್ಟವಾಡಿಯಲ್ಲಿ ಜೋಳ, ಕೋಸು, ಆಲೂಗೆಡ್ಡೆ ಬೆಳೆಯುವವನಿಗೆ ಇದೆಲ್ಲ ಯಾಕೆ ಬೇಕು ಎಂದು ಮೂಗು ಮುರಿಯಬೇಡಿ. ನಮ್ಮ ಬೆಟ್ಟ ಗಡಿಯ ತಮಿಳು ಸೀಮೆಗೆ ಸೇರಿದ್ದು, ಹಾಗಾಗಿ ನಮಗೆ ಮನೆಯಲ್ಲಿ ಕನ್ನಡ, ತಾಲೂಕು ಕಚೇರಿಯಲ್ಲಿ ತಮಿಳು. ಇಂಗ್ಲಿಷ್ ಎನ್ನುವುದು ಪರೀಕ್ಷೆಯ ದಿನ ಬಂದು, ನನಗೆ ಕೆಂಪು ಗೆರೆ ಎಳೆದು ಹೋದ ನೆಂಟ. ಇವತ್ತಿಗೂ ಆ ಭಾಷೆಯಲ್ಲಿ ಒಂದು ವಾಕ್ಯ ನೆಟ್ಟಗೆ ಆಡಲಾರೆ. ಆದರೆ ಅವರ ಹಾಡು ಕೇಳಿ ಅಳುವುದರಲ್ಲಿ ನನ್ನನ್ನು ಮೀರಿಸುವವರು ಈ ಬೆಟ್ಟದ ಮೇಲೆ ಯಾರೂ ಇಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಈ ಚಟ ಹತ್ತಿದ್ದು ಅಪ್ಪನ ರೇಡಿಯೋದಿಂದ. ಅದರ ಮುಳ್ಳು ಒಂದು ಕಡೆ ತಿರುಗಿಸಿದರೆ ಮೈಸೂರು, ಇನ್ನೊಂದು ಕಡೆ ಕೊಯಮತ್ತೂರು. ಎರಡರ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ, ಅದೂ ಮೋಡವಿಲ್ಲದ ಸಂಜೆ, ಯಾವುದೋ ದೂರದ ಊರಿನಿಂದ ಇಂಗ್ಲಿಷ್ ಹಾಡು ಬರುತ್ತಿತ್ತು. ಅಪ್ಪ ಹಟ್ಟಿಯಲ್ಲಿ ದನ ಕಟ್ಟುವಷ್ಟು ಹೊತ್ತು ಆ ಜಾಗ ನನ್ನದು. ಒಬ್ಬ ಮನುಷ್ಯ, ಒಂದು ಗಿಟಾರು, ಅಷ್ಟೆ. ಪಕ್ಕದ ಜಗಲಿಯಲ್ಲಿ ಕೂತು ತನ್ನ ಕಷ್ಟ ತಾನೇ ಹೇಳಿಕೊಂಡಂತೆ ಹಾಡುತ್ತಿದ್ದ. ಕೊನೆಯ ಸಾಲಿಗೆ ಬರುವ ಮುಂಚೆ ನಿಲ್ಲಿಸಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಆ ಉಸಿರು ರೇಡಿಯೋದಲ್ಲಿ ಕೇಳುತ್ತಿತ್ತು! ನಮ್ಮ ಹಾಡುಗಾರರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂದೇ ಗೊತ್ತಾಗುತ್ತಿರಲಿಲ್ಲ. ಇವನೋ, ಎದೆ ತೆರೆದು ತೋರಿಸಿಬಿಡುತ್ತಿದ್ದ.

“ಏನ್ಲಾ ಅದು, ಒಟ್ಟೆನೋವು ಬಂದೋನಂಗೆ ನರಳ್ತಾವ್ನೆ? ಮಳೆ ಸಮಾಚಾರ ಆಕ್ಲಾ!” ಎಂದು ಅಪ್ಪ ಹಟ್ಟಿಯಿಂದಲೇ ಗದರುತ್ತಿದ್ದ. ಒಂದು ಸಲ ಆ ಉಸಿರಿಗೆ ಕಾಯುತ್ತಾ ಕೂತ ನನಗೆ, ಕರು ಹಗ್ಗ ಬಿಚ್ಚಿಕೊಂಡು ಬೇಯಿಸಿಟ್ಟ ಹುರುಳಿಯನ್ನೆಲ್ಲ ತಿಂದದ್ದು ಕಾಣಲೇ ಇಲ್ಲ. ಆ ಸಂಜೆ ನರಳಿದವನು ನಾನು.

ಮುಂದೆ ಕಾಲ ಬದಲಾಯಿತು. ಮಗಳು ಸುಮ ಚಾಮರಾಜನಗರದ ಕಾಲೇಜಿಗೆ ಹೋಗತೊಡಗಿದ ಮೇಲೆ ಒಂದು ಪೆನ್‌ಡ್ರೈವಿಗೆ ನನಗೆ ಬೇಕಾದಂಥ ಹಾಡುಗಳನ್ನು ತುಂಬಿಸಿ ತಂದಳು. ಅದನ್ನು ಗಾಡಿಗೆ ಸಿಕ್ಕಿಸಿಕೊಂಡು ಕೋಸಿನ ಮೂಟೆ ಹೇರಿ ದಿಂಬಂ ಘಾಟಿ ಇಳಿಯುವುದಿದೆಯಲ್ಲ, ಅದರ ಸುಖ ಬೇರೆಯೇ. ಅದರಲ್ಲಿ ಒಂದು ಹಾಡು ಬರುತ್ತದೆ. ನಾಲ್ಕೈದು ಜನ ಕೂಡಿ ಹಾಡುತ್ತಾರೆ, ಆದರೆ ಒಬ್ಬೊಬ್ಬರೂ ಬೇರೆ ಬೇರೆ ದಾರಿಯಲ್ಲಿ. ಒಬ್ಬ ಮೇಲೆ, ಒಬ್ಬ ಕೆಳಗೆ, ಒಬ್ಬಳು ನಡುವೆ ಸುಮ್ಮನೆ ಗುನುಗುತ್ತಾ. ಜಗಳ ಮಾಡಿಕೊಂಡ ಅಣ್ಣತಮ್ಮಂದಿರು ಹಬ್ಬಕ್ಕೆ ಒಂದೇ ಪಂಕ್ತಿಗೆ ಬಂದು ಕೂರುವ ಹಾಗೆ ಕೊನೆಯಲ್ಲಿ ಎಲ್ಲರೂ ಒಂದೇ ಸ್ವರಕ್ಕೆ ಬಂದು ಸೇರುತ್ತಾರೆ. ನನಗೆ ಅಲ್ಲಿ ತಡೆಯಲಾಗುವುದಿಲ್ಲ.

ಹಾಗೆ ಒಮ್ಮೆ ಧಾರಾಕಾರವಾಗಿ ಅಳುತ್ತಾ ಕೆಳಗಿನ ಚೆಕ್‌ಪೋಸ್ಟಿಗೆ ಬಂದಾಗ ಅಲ್ಲಿದ್ದ ಕಾವಲುಗಾರ ಗಾಬರಿಯಾಗಿ, ಮನೆಯಲ್ಲಿ ಯಾರಿಗಾದರೂ ಏನಾದರೂ ಆಯಿತಾ ಅಣ್ಣಾ ಎಂದು ತಮಿಳಿನಲ್ಲಿ ಕೇಳಿದ. ಇಂಗ್ಲಿಷ್ ಹಾಡಿಗೆ ಅಳುತ್ತಿದ್ದೇನೆ ಎಂದು ಹೇಳುವುದು ಹೇಗೆ? ಕೈ ಎತ್ತಿ ಹಿಂದಿನ ಕೋಸಿನ ಮೂಟೆ ತೋರಿಸಿದೆ. ಅವನು ಕೋಸಿನ ಬೆಲೆ ಬಿದ್ದಿರಬೇಕೆಂದು ನಂಬಿ, “ಐಯ್ಯೋ ಪಾವಂ” ಎಂದು ಮರುಗಿ ಗೇಟು ಎತ್ತಿದ.

ಒಂದು ಕಿವಿಮಾತು. ಹಾಡಿನ ಅರ್ಥವನ್ನು ಮಕ್ಕಳ ಹತ್ತಿರ ಮಾತ್ರ ಕೇಳಬೇಡಿ. ಒಂದು ಹಾಡನ್ನು ನಾನು ಎಷ್ಟೋ ವರ್ಷ, ತಾಯಿ ಸತ್ತ ಮಗನ ಹಾಡು ಎಂದೇ ತಿಳಿದು ಅವ್ವನನ್ನು ನೆನೆದು ಅತ್ತಿದ್ದೆ. ತಡೆಯಲಾರದೆ ಸುಮಳನ್ನು ಕೇಳಿದೆ. ಅವಳು ಕಿವಿಗೊಟ್ಟು ಕೇಳಿ, “ಅವ್ನ ಜೊತೆ ಇದ್ದ ಉಡ್ಗಿ ಬುಟ್ಟೋಗವ್ಳೆ ಕನಪ್ಪ. ಓಗೋವಾಗ ಅವ್ನ ಕೊಡೆನೂ ತಕ್ಕಂಡು ಓಗವ್ಳೆ. ಅದ್ಕೆ” ಎಂದಳು. ಒಂದು ಗಳಿಗೆ ಮನಸ್ಸು ಮುದುಡಿತು. ಆಮೇಲೆ ಯೋಚಿಸಿದೆ: ಒಂದು ಕೊಡೆಗೆ ಇಷ್ಟು ಅಳಬಲ್ಲವನು ತನ್ನ ಅವ್ವನಿಗೆ ಇನ್ನೆಷ್ಟು ಅತ್ತಾನು! ಅಂದಿನಿಂದ ಇನ್ನೂ ಹೆಚ್ಚು ಅಳುತ್ತೇನೆ.

ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕಾದದ್ದು ಅತ್ತೆಯ ಕಥೆ.

ಅತ್ತೆ ಎಂದರೆ ಅಪ್ಪನ ತಂಗಿ ಪುಟ್ಟಮಾದಮ್ಮ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು, ನನ್ನನ್ನೂ ಎತ್ತಿ ಆಡಿಸಿದಳು, ನನ್ನ ಮಗಳನ್ನೂ ಆಡಿಸಿದಳು. ಸೋಬಾನೆ ಹಾಡಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಿಗನಾರೆಯಿಂದ ಗಡಿಯಾಚೆಯ ಹಳ್ಳಿಗಳವರೆಗೆ ಯಾವ ಮದುವೆಯಾದರೂ ಹೆಣ್ಣಿಗೆ ಅರಿಶಿನ ಹಚ್ಚುವಾಗ ಅತ್ತೆಯ ಗಂಟಲು ಬೇಕಿತ್ತು. ಗೆಜ್ಜೆಯಂಥ ಗಂಟಲು. ಬೀಗರನ್ನು ಜರಿಯುವ ಹಾಡಿಗೆ ಕೂತಳೆಂದರೆ ಎದುರು ಪಾಳಯದ ಹೆಂಗಸರು ಸೆರಗು ಮುಚ್ಚಿಕೊಂಡು ನಗುತ್ತಲೇ ಸೋಲುತ್ತಿದ್ದರು.

ಸುಮಳ ಕಾಲೇಜಿನ ಕೊನೆಯ ವರ್ಷ ಅತ್ತೆಯ ಕೊರಳಲ್ಲಿ ಗಡ್ಡೆ ಎದ್ದಿತು. ಮೈಸೂರಿನಲ್ಲಿ ಕುಯ್ಯಿಸಿದೆವು. ಧ್ವನಿ ಬದಲಾದರೂ ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಜೀವ ಉಳಿಯಿತು, ಗೆಜ್ಜೆ ಹೋಯಿತು. ಒಳಗಿನಿಂದ ದಪ್ಪವಾದ, ಒರಟಾದ, ತಗ್ಗಿನ ಧ್ವನಿ ಬರತೊಡಗಿತು. ಮನೆಗೆ ಬಂದ ಹೊಸತರಲ್ಲಿ ಫೋನಿನಲ್ಲಿ ಯಾರೋ ಅವಳನ್ನು “ಏನಣ್ಣಾ, ಸಂದಾಗಿದ್ದೀಯಾ?” ಎಂದು ಕೇಳಿಬಿಟ್ಟರು. ಅತ್ತೆ ಫೋನನ್ನು ರತ್ನಳ ಕೈಗೆ ಕೊಟ್ಟು ಒಳಗೆ ಹೋದಳು. ಆವತ್ತಿನಿಂದ ಹಾಡು ನಿಂತಿತು. ಮಾತೂ ಅರ್ಧ ನಿಂತಿತು.

ಆ ಸಮಯದಲ್ಲೇ ನಮ್ಮ ಜೋಳದ ಹೊಲಕ್ಕೆ ಗಿಣಿಗಳ ಹಾವಳಿ ಶುರುವಾದದ್ದು. ಆನೆ, ಹಂದಿ ರಾತ್ರಿಯ ಗಿರಾಕಿಗಳು. ಗಿಣಿ, ನವಿಲು ಹಗಲಿನವು. ತಮಟೆ ಬಡಿದಾಯಿತು, ಬೆದರುಬೊಂಬೆ ನಿಲ್ಲಿಸಿದ್ದಾಯಿತು, ತಮಿಳು ಕನ್ನಡ ಸಿನಿಮಾ ಹಾಡು ಹಾಕಿದ್ದಾಯಿತು. ಗಿಣಿಗಳಿಗೆ ಎರಡೂ ಭಾಷೆ ಬರುತ್ತದೆ, ಇಲ್ಲೇ ಹುಟ್ಟಿದವು. ಹಾಗಾದರೆ ಇಂಗ್ಲಿಷ್ ಹಾಕಿ ನೋಡೋಣ, ಅದು ಅವಕ್ಕೂ ನನ್ನ ಹಾಗೇ ಹೆದರಿಕೆ ಹುಟ್ಟಿಸಬಹುದು ಎಂದು ಈ ಸ್ಪೀಕರನ್ನು ಬೇವಿನ ಮರಕ್ಕೆ ಕಟ್ಟಿದೆ. ಭಾರದ ಕೆಲಸ ಮಾಡಬಾರದೆಂದು ಡಾಕ್ಟರು ಹೇಳಿದ್ದರಿಂದ, ಅತ್ತೆಯನ್ನು ಮರದ ಕೆಳಗೆ ಕೂರಿಸಿ ಕಾವಲಿಗೆ ಬಿಟ್ಟೆ.

ಗಿಣಿಗಳು ಮೊದಲ ದಿನ ಗಾಬರಿಯಾದದ್ದು ನಿಜ. ಮಾರನೆಯ ದಿನದಿಂದ ತೆನೆಯ ಮೇಲೆ ಕೂತು, ಕತ್ತು ಓರೆ ಮಾಡಿ, ಹಾಡು ಕೇಳುತ್ತಾ ನಿಧಾನವಾಗಿ ತಿನ್ನತೊಡಗಿದವು. ಅತ್ತೆಯ ಸಿಟ್ಟು ನನ್ನ ಮೇಲೆ ತಿರುಗಿತು.

“ಏನ್ಲಾ ಸಿದ್ದ ಇದು, ಸತ್ತೋರ ಮನೆ ಅಳು? ಗಿಣಿ ಓಡ್ಸಕ್ಕೆ ಕಟ್ಟಿದ್ದೀಯೊ, ನನ್ನ ಓಡ್ಸಕ್ಕೆ ಕಟ್ಟಿದ್ದೀಯೊ?”

“ಕೇಳು ಅತ್ತೆ, ಕೇಳ್ತಾ ಕೇಳ್ತಾ ರುಚಿ ಅತ್ತುತ್ತೆ.”

“ರುಚಿ ನಿನ್ ತಲೆ!”

ಆದರೂ ಬೇರೆ ಗತಿಯಿರಲಿಲ್ಲ, ಕೇಳಿದಳು. ಒಂದು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ಅತ್ತೆ ಕೂತ ಜಾಗದಲ್ಲಿ ಇರಲಿಲ್ಲ. ಸ್ಪೀಕರಿನ ಹತ್ತಿರಕ್ಕೆ ಹೋಗಿ ಅದಕ್ಕೆ ಕಿವಿಯೊಡ್ಡಿ ನಿಂತಿದ್ದಳು. ಒಬ್ಬ ಹೆಂಗಸು ಹಾಡುತ್ತಿದ್ದಳು. ಆ ಹಾಡನ್ನು ನೀವು ಒಮ್ಮೆಯಾದರೂ ಕೇಳಬೇಕು. ಬಾವಿಯ ತಳದಿಂದ ಬಂದಂಥ ತಗ್ಗು ಧ್ವನಿ. ಹಾಡಿಗೆ ಅಲಂಕಾರ ಇಲ್ಲ, ಅವಸರ ಇಲ್ಲ. ಮುಚ್ಚಿಟ್ಟದ್ದನ್ನು ಇನ್ನು ಮುಚ್ಚಿಡಲಾರೆ ಎಂದು ಹೇಳುವಂತೆ ಒಂದೊಂದೇ ಮಾತು ಎತ್ತಿಕೊಡುತ್ತಾಳೆ.

ಅತ್ತೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

“ಲೇ ಸಿದ್ದ, ಈ ಎಣ್ಣೆಂಗ್ಸಿನ ಗಂಟ್ಲೂ ನನ್ನಂಗೇ ಅದಲ್ಲಾ!”

“ಊಂ ಅತ್ತೆ.”

“ಇವ್ಳ್ಗೂ ಕುಯ್ದವ್ರಾ?”

“ಇಲ್ಲ, ಉಟ್ದಾಗಿಂದ ಅಂಗೇ ಇರ್ಬೇಕು.”

“ಜನ ಕೇಳ್ತಾರಾ ಇದ?”

“ಲೋಕಾನೇ ಕೇಳ್ತದೆ ಅತ್ತೆ. ಕಾಸು ಕೊಟ್ಟು, ಸಾಲ್ ನಿಂತ್ಕಂಡು ಕೇಳ್ತಾರೆ.”

ಅತ್ತೆ ಬುತ್ತಿಯನ್ನೂ ಬಿಚ್ಚಲಿಲ್ಲ. ಇನ್ನೊಂದು ಸಲ ಹಾಕು ಎಂದಳು. ಹಾಕಿದೆ. ಮತ್ತೊಂದು ಸಲ ಎಂದಳು. ಅಂದಿನಿಂದ ಆ ಹಾಡುಗಾತಿಗೆ ನಮ್ಮನೆಯಲ್ಲಿ ‘ದಪ್ಪಗಂಟ್ಲವ್ವ’ ಎಂದೇ ಹೆಸರಾಯಿತು. ಅವಳ ನಿಜವಾದ ಹೆಸರು ಸುಮಳಿಗೆ ಗೊತ್ತು, ನಮಗೆ ಬೇಕಾಗಲಿಲ್ಲ.

ದಪ್ಪಗಂಟ್ಲವ್ವನ ಗುಟ್ಟನ್ನು ಕಂಡುಹಿಡಿದವಳೂ ಅತ್ತೆಯೇ. ಇಂಗ್ಲಿಷ್ ಹಾಡುಗಳಲ್ಲಿ ಒಂದು ಚಮತ್ಕಾರವಿದೆ, ಗಮನಿಸಿ. ಹಾಡು ಇನ್ನೇನು ಮುಗಿಯಿತು ಎನ್ನುವಾಗ ಅದೇ ಪಲ್ಲವಿಯನ್ನು ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಮೇಲಿನಿಂದ ಎತ್ತಿಕೊಳ್ಳುತ್ತಾರೆ. ಮಾತು ಅದೇ, ರಾಗ ಅದೇ, ಆದರೆ ಮೈ ಜುಂ ಎನ್ನುತ್ತದೆ. ನಾನು ಮೂವತ್ತು ವರ್ಷ ಅಲ್ಲಿ ಅತ್ತಿದ್ದೆನೇ ಹೊರತು ಯಾಕೆ ಅಳುತ್ತಿದ್ದೇನೆಂದು ತಿಳಿದಿರಲಿಲ್ಲ. ಅತ್ತೆ, “ಎತ್ತಿ ಕಟ್ಟವ್ಳೆ ಕಣ್ಲಾ! ಕೆಳಗಿಂದ ಸುರು ಮಾಡ್ದೋಳ್ಗೆ ಮ್ಯಾಲೆ ಎಷ್ಟೊಂದು ಜಾಗ ಅದೆ ನೋಡು!” ಎಂದಳು.

ಆಮೇಲೆ ಆ ಹೊಲದಲ್ಲಿ ಏನೋ ನಡೆಯತೊಡಗಿತು. ರತ್ನ ಮತ್ತು ನೆರೆಮನೆಯ ಹೆಂಗಸರು ಕಳೆ ಕೀಳುವ ನೆಪದಲ್ಲಿ ಅಲ್ಲೇ ಇರುತ್ತಿದ್ದರು. ನಾನು ಹೋದರೆ ಎಲ್ಲರೂ ಗಪ್‌ಚಿಪ್. ಒಂದು ದಿನ ಬದುವಿನ ಹಿಂದೆ ನಿಂತು ಕೇಳಿದೆ. ಸ್ಪೀಕರ್ ಸುಮ್ಮನಿತ್ತು. ಅತ್ತೆ ಹಾಡುತ್ತಿದ್ದಳು, ಹಳೆಯ ಸೋಬಾನೆಯನ್ನೇ, ತನ್ನ ಹೊಸ ಗಂಟಲಲ್ಲಿ! ಕಪ್ಪು ಮಣ್ಣಿನಂಥ ಧ್ವನಿ, ಒಂದೊಂದು ಸೊಲ್ಲಿಗೂ ಒಂದು ಮೆಟ್ಟಿಲು ಮೇಲಕ್ಕೆ. “ನಾನ್ ಎತ್ದಾಗ ನೀವೂ ಎತ್ಬೇಕು, ಎದ್ರಬ್ಯಾಡಿ” ಎಂದು ರತ್ನಳನ್ನು ಗದರುತ್ತಿದ್ದಳು. ಇಂಗ್ಲಿಷಿಗೂ ಜಗ್ಗದ ಗಿಣಿಗಳು ಅತ್ತೆ ಮೇಲಿನ ಮೆಟ್ಟಿಲಿಗೆ ಹೋದದ್ದೇ ತಡ, ಹಿಂಡಿಗೆ ಹಿಂಡೇ ಎದ್ದು ತಾಳಮಲೆಯ ಕಾಡಿನ ದಿಕ್ಕಿಗೆ ಹಾರಿಹೋದವು. ನಾನು ಬದುವಿನ ಮೇಲೆ ಕೂತು ಒಬ್ಬನೇ ಚಪ್ಪಾಳೆ ತಟ್ಟಿದೆ, ಸದ್ದಾಗದಂತೆ.

ಸುಮಳಿಗೆ ಗಂಡು ಗೊತ್ತಾದದ್ದು ಅದೇ ಸುಗ್ಗಿಯಲ್ಲಿ, ಚಾಮರಾಜನಗರದ ಕಡೆ. ಮದುವೆಯ ಮಾತಿನಲ್ಲಿ ಅವಳು ಹಾಕಿದ ಷರತ್ತು ಒಂದೇ: ಅರಿಶಿನಕ್ಕೆ ಅಜ್ಜಿಯೇ ಹಾಡಬೇಕು. ಇದನ್ನು ಕೇಳಿದ್ದೇ ಅತ್ತೆಯ ಮುಖ ಬಾಡಿತು. ಹೊಲದಲ್ಲಿ ಗಿಣಿಗಳ ಮುಂದೆ ಹಾಡುವುದು ಬೇರೆ, ಬೀಗರ ಮುಂದೆ ಹಾಡುವುದು ಬೇರೆ.

“ಬ್ಯಾಡ ಕಣಮ್ಮಿ. ನಿನ್ ಮದ್ವೇಲಿ ನಾಕೂರ್ ಜನ ನನ್ ಗಂಟ್ಲ ಕೇಳಿ ನಗ್ಬೇಕಾ?”

“ನೀನ್ ಆಡ್ದಿದ್ರೆ ನಾನ್ ಅರಿಸ್ನಕ್ಕೆ ಕೂರಕಿಲ್ಲ, ಅಜ್ಜಿ. ಅಷ್ಟೇಯ.”

ಗಂಡಿನ ಕಡೆಯಲ್ಲಿ ಹಾಡಲು ಬರುವವಳು ವರನ ದೊಡ್ಡಮ್ಮ ಚೆನ್ನಾಜಮ್ಮ ಎಂದು ಗೊತ್ತಾದಾಗ ನಾನೂ ಅಳುಕಿದೆ. ಆ ಸೀಮೆಗೆಲ್ಲ ಹೆಸರಾದ ಗಂಟಲು, ಸೂಜಿಯಷ್ಟು ಸಣ್ಣ, ಸೂಜಿಯಷ್ಟೇ ಚೂಪು.

ಧಾರೆಯ ಹಿಂದಿನ ಸಂಜೆ, ಮನೆಯ ಮುಂದಿನ ಚಪ್ಪರದಲ್ಲಿ ಸುಮಳನ್ನು ಮಣೆಯ ಮೇಲೆ ಕೂರಿಸಿ ಅರಿಶಿನಕ್ಕೆ ಇಟ್ಟರು. ಆ ಕಡೆ ಅವರ ಹೆಂಗಸರು, ಈ ಕಡೆ ನಮ್ಮವರು. ಜರಿಯುವ ಹಾಡಿನ ಕಟ್ಟಳೆ ಇಷ್ಟೆ: ಸೊಲ್ಲು ಎಸೆದವರು ಯಾವ ಎತ್ತರದಲ್ಲಿ ಎಸೆಯುತ್ತಾರೋ ಎದುರಿನವರು ಅದೇ ಎತ್ತರದಲ್ಲಿ, ಅದೇ ರಾಗದಲ್ಲಿ ಹಿಡಿದು ಉತ್ತರ ಕೊಡಬೇಕು. ಹಿಡಿಯಲಾಗದಿದ್ದರೆ ಆ ಸುತ್ತು ಸೋತಂತೆ, ಮುಂದಿನ ಸುತ್ತಿನ ಎಸೆತ ಸೋತವರದು, ತಮಗೆ ಬೇಕಾದ ಎತ್ತರದಲ್ಲಿ. ಮೊದಲ ಎಸೆತ ಗಂಡಿನ ಕಡೆಯವರದು. ಚೆನ್ನಾಜಮ್ಮ ಸೆರಗು ಸಿಕ್ಕಿಸಿ, ಆಕಾಶದಿಂದ ಎತ್ತಿದಳು:

“ಬೆಟ್ಟದ ಮ್ಯಾಲಿನ ಬೀಗ್ತಿ, ಏನಿಕ್ಕೀರಿ ಊಟಕ್ಕೆ?
ಆನೆ ಉಂಡು ಬುಟ್ಟುದ್ದ ಬಡ್ಸೀರಾ ಬೀಗರ್ಗೆ?”

ಚಪ್ಪರ ಘೊಳ್ಳೆಂದಿತು. ನಮ್ಮವರು ಹಿಡಿಯಲು ಹೋದರು. ರತ್ನ ಬಾಯಿ ತೆರೆದಳು, ನಡುವೆಯೇ ಕೆಮ್ಮು ಬಂತು. ಉಳಿದವರು ಕಿರುಚಿ ನಿಲ್ಲಿಸಿದರು. ಎದುರಿನವರ ಸಿಳ್ಳೆ, ಕೇಕೆ. ಸುಮಳ ಹಟಕ್ಕೆ ಹೂಂ ಎಂದಿದ್ದ ಅತ್ತೆ ಕಂಬದ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಸುಮಳ ಮುಖ ನೋಡಿದೆ. ಅರಿಶಿನದ ಮೇಲೆ ಎರಡು ಗೆರೆ ಇಳಿದಿತ್ತು. “ಅಜ್ಜಿ” ಎಂದಳು, ಅಷ್ಟೇ. ಬೇಡವೆಂದು ಹೇಳಿಬಿಡಲೇ, ಮುದುಕಿಯನ್ನು ಯಾಕೆ ಹಿಂಸಿಸುತ್ತೀರಿ ಎನ್ನಲೇ ಎಂದು ನನ್ನ ಬಾಯವರೆಗೂ ಬಂದಿತ್ತು. ಅಷ್ಟರಲ್ಲಿ ಕಂಬದ ಹಿಂದಿನಿಂದ ನೆಲವೇ ಮಾತಾಡಿದಂತೆ ಕೇಳಿಸಿತು:

“ಆನೆಗೂ ಇಕ್ಕಿದ್ವು, ಬೀಗರ್ಗೂ ಇಕ್ಕಿದ್ವು…”

ಕೇಕೆ ನಿಂತಿತು. ಯಾರು ಹಾಡಿದ್ದು, ಗಂಡಸೋ ಹೆಂಗಸೋ ಎಂದು ಎಲ್ಲರೂ ತಿರುಗಿದರು. ಅತ್ತೆ ಎದ್ದು ಬಂದು ಸುಮಳ ಬೆನ್ನಿಗೆ ನಿಂತಳು. ಒಂದು ಉಸಿರು ಎಳೆದುಕೊಂಡಳು, ಎಲ್ಲರಿಗೂ ಕೇಳುವಂತೆ.

“ಆನೆ ಉಂಡು ಎದ್ದೋಯ್ತು, ಬೀಗರಿನ್ನೂ ಎದ್ದಿಲ್ಲ!”

ಚಪ್ಪರ ಹಾರಿಹೋಗುವಂಥ ನಗು! ಗಂಡಿನ ತಂದೆಯೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಹಿಡಿಯುವ ಸರದಿ ಚೆನ್ನಾಜಮ್ಮನದು. ಅಷ್ಟು ತಗ್ಗಿಗೆ ಅವಳ ಸೂಜಿ ಗಂಟಲು ಇಳಿಯಬೇಕಲ್ಲ! ಬಾಯಿ ತೆರೆದಳು, ಗಾಳಿ ಬಂತು. ಗಂಟಲು ಸರಿ ಮಾಡಿಕೊಂಡು ಅಂತೂ ಇಂತೂ ಹಿಡಿಯುವಷ್ಟರಲ್ಲಿ ಅತ್ತೆ ಮುಂದಿನ ಸೊಲ್ಲನ್ನು ಒಂದು ಮೆಟ್ಟಿಲು ಮೇಲೆ ಎಸೆದಳು. ನಮ್ಮ ಹೆಂಗಸರೂ ಒಟ್ಟಿಗೆ ಎತ್ತಿದರು. ರತ್ನಳ ಕೆಮ್ಮು ಎಲ್ಲಿ ಹೋಯಿತೋ! ಚೆನ್ನಾಜಮ್ಮ ಅಲ್ಲಿಗೆ ಬರುವಷ್ಟರಲ್ಲಿ ಅತ್ತೆ ಮತ್ತೂ ಮೇಲೆ. ಗಂಡಿನ ಕಡೆಯ ಹೆಂಗಸರು ಒಬ್ಬರು ಕೆಳಗೆ, ಒಬ್ಬರು ಮೇಲೆ, ಒಬ್ಬರು ನಡುವೆ ಚದುರಿಹೋದರು. ಕೊನೆಗೆ ಚೆನ್ನಾಜಮ್ಮ ಹಣೆ ಚಚ್ಚಿಕೊಂಡು ನಗುತ್ತಾ ಕೂತುಬಿಟ್ಟಳು. ಅತ್ತೆ ಮಾತ್ರ ನಿಲ್ಲಿಸಲಿಲ್ಲ. ಗಂಟಲಿನ ಕಲೆ ನರದೊಂದಿಗೆ ಉಬ್ಬಿ ಕಾಣುತ್ತಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ನಾನು ಅಳುತ್ತಿದ್ದೆ. ಈ ಸಲ ತೋರಿಸಲು ಕೋಸಿನ ಮೂಟೆಯೂ ಇರಲಿಲ್ಲ. ಗೆದ್ದೆವು ಸ್ವಾಮಿ, ಗೆದ್ದೆವು!

ಮಾರನೆಯ ದಿನ ಧಾರೆ ಮುಗಿದು ಹೆಣ್ಣೊಪ್ಪಿಸುವ ಹಾಡಿನ ಹೊತ್ತಿಗೆ ಚೆನ್ನಾಜಮ್ಮ ತಾನೇ ಎದ್ದು, ಎರಡು ಕಡೆಗೂ ಸೇರಿ ಈ ದೊಡ್ಡವ್ವನೇ ಹಾಡಲಿ ಎಂದು ಅತ್ತೆಯನ್ನು ತೋರಿಸಿದಳು. ಅತ್ತೆ ಹಾಡಿದಳು. ಮೆಟ್ಟಿಲು ಏರಲಿಲ್ಲ, ಗೆಲ್ಲಲು ನೋಡಲಿಲ್ಲ. ಸುಮಳ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು ತಗ್ಗಿನಲ್ಲೇ ಹಾಡಿದಳು. ಅಡುಗೆಯವರೂ ಸೌಟು ಬಿಟ್ಟು ಬಂದು ನಿಂತರು. ಗಂಡಿನ ಕಡೆಯವರೇ ನಮಗಿಂತ ಹೆಚ್ಚು ಅತ್ತರು.

ಬಸ್ಸು ಹೊರಟಾಗ ಚೆನ್ನಾಜಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು: “ದೊಡ್ಡವ್ವಾ, ಬರೋ ತಿಂಗ್ಳು ನನ್ ಮಗಳ ಮದ್ವೆ! ನೀವೇ ಬಂದು ಆಡ್ಬೇಕು, ತಪ್ಪುಸ್ಬ್ಯಾಡಿ!”

ನಮ್ಮ ಕಡೆ ಹಾಡುಗಾತಿಯನ್ನು ಮರ್ಯಾದೆಯಿಂದ ಕರೆಯಬೇಕಾದರೆ ಮನೆಗೆ ವೀಳ್ಯ ಬರಬೇಕು. ಗಡ್ಡೆ ಕುಯ್ಯಿಸಿದ ಮೇಲೆ ಅತ್ತೆಯ ಬಾಗಿಲಿಗೆ ಯಾವ ಊರಿನಿಂದಲೂ ಒಂದು ಎಲೆ ಬಂದಿರಲಿಲ್ಲ. ಓಡಿಹೋಗಿ ಹೂಂ ಎನ್ನುತ್ತಾಳೆಂದು ನಾನು ಅಂದುಕೊಂಡೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಇಡೀ ಬೀದಿಗೆ ಕೇಳುವಂತೆ ಆ ದಪ್ಪ ಗಂಟಲನ್ನು ತೆರೆದು ಹೇಳಿದಳು:

“ಬಾಯ್ಮಾತ್ಗೆಲ್ಲ ಬರಾಕಿಲ್ಲ ಕನವ್ವಾ! ವೀಳ್ಯ ಕಳ್ಸು, ಬತ್ತೀನಿ!”